ಗಿಡಕ್ಕೆ ಹತ್ತು ವರ್ಷ, ಪೊಟ್ಟಣಕ್ಕೆ ಒಂದು ವರ್ಷ

ಉತ್ತರ ಕರ್ನಾಟಕದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಗಾಂಜಾ ಸುದ್ದಿ ಎರಡು ಬಗೆಯಲ್ಲಿ ಬರುತ್ತದೆ. ಬಸ್ ನಿಲ್ದಾಣದ ಹಿಂದೆಯೋ ಪಾಳುಬಿದ್ದ ಕಟ್ಟಡದ ಮಗ್ಗುಲಲ್ಲೋ ಯುವಕರನ್ನು ಹಿಡಿದು ಇಷ್ಟು ಗ್ರಾಂ ಜಪ್ತಿ ಮಾಡಿದರು ಎನ್ನುವುದು ಒಂದು. ಹತ್ತಿಯ ಸಾಲಿನ ನಡುವೆಯೋ ಗೋವಿನಜೋಳದ ಮರೆಯಲ್ಲೋ ಬೆಳೆದಿದ್ದ ಗಿಡಗಳನ್ನು ಕಿತ್ತು ರೈತನನ್ನು ಬಂಧಿಸಿದರು ಎನ್ನುವುದು ಇನ್ನೊಂದು. ಓದುವವರಿಗೆ ಎರಡೂ ಒಂದೇ ಸುದ್ದಿ. ಕಾನೂನಿನಲ್ಲಿ ಮಾತ್ರ ಇವೆರಡರ ನಡುವೆ ಒಂಬತ್ತು ವರ್ಷದ ಅಂತರವಿದೆ. ಒಂದು ಕಿಲೋಗಿಂತ ಕಡಿಮೆ ಗಾಂಜಾ ಇಟ್ಟುಕೊಂಡವನಿಗೆ ಹೆಚ್ಚೆಂದರೆ ಒಂದು ವರ್ಷ ಜೈಲು. ಹೊಲದ ಬದುವಿನಲ್ಲಿ ಎರಡೇ ಗಿಡ ಬೆಳೆಸಿದವನಿಗೆ ಹತ್ತು ವರ್ಷದವರೆಗೂ ಆಗಬಹುದು.

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಹೊಲದ ಸೀಮೆಯಲ್ಲಿ ಅಪ್ಪ ಒಕ್ಕಲುತನ ಮಾಡುತ್ತ, ಮಗ ಗದಗಿಗೋ ಹುಬ್ಬಳ್ಳಿಗೋ ಕಾಲೇಜಿಗೆ ಬಸ್ ಹಿಡಿಯುವ ಮನೆಗಳು ಸಾಕಷ್ಟಿವೆ. ಹಾಗಾಗಿ ಈ ಕಾಯ್ದೆಯ ಎರಡೂ ಕಲಂಗಳು ಇಲ್ಲಿನವರಿಗೆ ದೂರದವಲ್ಲ. ಆದರೆ ಜನರ ಬಾಯಲ್ಲಿ ಓಡಾಡುವುದು ಎರಡೇ ಮಾತು. ‘ಗಾಂಜಾ ಕೇಸಿಗೆ ಜಾಮೀನೇ ಇಲ್ಲ’ ಎಂದು ಹೆದರಿಸುವವರದ್ದು ಒಂದು, ‘ದಂಡಾ ಕಟ್ಟಿದ್ರ ಮುಗೀತು’ ಎಂದು ಸಮಾಧಾನ ಹೇಳುವವರದ್ದು ಇನ್ನೊಂದು. ಎರಡೂ ತಪ್ಪು. ನನ್ನ ಮಟ್ಟಿಗೆ ಎರಡನೆಯದರಿಂದ ಆಗುವ ಹಾನಿಯೇ ಹೆಚ್ಚು.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ. ಎನ್‌ಡಿಪಿಎಸ್ ಎಂದು ಎಲ್ಲರೂ ಕರೆಯುವ ಮಾದಕ ದ್ರವ್ಯ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಈ ಕಾಯ್ದೆ ಒಂದೇ ಗಿಡವನ್ನು ಭಾಗ ಭಾಗವಾಗಿ ನೋಡುತ್ತದೆ. ಗಿಡದಿಂದ ಒಸರುವ ಅಂಟು ಚರಸ್. ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ತುದಿಯ ಜೊತೆಗೆ ಇಲ್ಲದೆ ಬರೀ ಎಲೆ, ಬರೀ ಬೀಜ ಇದ್ದರೆ ಅದು ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಎಲೆ ಅರೆದು ಮಾಡುವ ಭಂಗಿ ಕೇಂದ್ರ ಕಾಯ್ದೆಯ ಹಿಡಿತಕ್ಕೆ ಸಿಗದೆ ಉಳಿದಿರುವುದು ಇದೇ ಕಾರಣಕ್ಕೆ. 2022ರ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್, 29 ಕಿಲೋ ಭಂಗಿ ಮತ್ತು 400 ಗ್ರಾಂ ಗಾಂಜಾ ಸಮೇತ ಬೆಂಗಳೂರಿನಲ್ಲಿ ಸಿಕ್ಕಿಬಿದ್ದವನಿಗೆ ಜಾಮೀನು ಕೊಡುವಾಗ ಈ ವ್ಯತ್ಯಾಸವನ್ನೇ ಎತ್ತಿ ಹಿಡಿಯಿತು. ಆ ಭಂಗಿಯನ್ನು ಚರಸ್‌ನಿಂದಲೋ ಗಾಂಜಾದಿಂದಲೋ ಮಾಡಲಾಗಿದೆ ಎಂದು ತೋರಿಸುವ ಪುರಾವೆ ನ್ಯಾಯಾಲಯದ ಮುಂದೆ ಇರಲಿಲ್ಲ. ಉಳಿದ 400 ಗ್ರಾಂ ಸಣ್ಣ ಪ್ರಮಾಣದೊಳಗೇ ಇತ್ತು.

ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ಭೇದ ಮೊದಲಿನಿಂದ ಈ ರೀತಿ ಇರಲಿಲ್ಲ. 2001ಕ್ಕೆ ಮುಂಚೆ ಗಾಂಜಾ ಇಟ್ಟುಕೊಂಡವರಿಗೆ ಐದು ವರ್ಷದವರೆಗೆ ಶಿಕ್ಷೆ ಇತ್ತು. ಐದು ನೂರು ಗ್ರಾಂ ಒಳಗಿದ್ದು, ಅದು ಸ್ವಂತ ಸೇವನೆಗೇ ಹೊರತು ಮಾರಾಟಕ್ಕಲ್ಲ ಎಂದು ಆರೋಪಿಯೇ ಸಾಬೀತು ಮಾಡಿದರೆ ಆರು ತಿಂಗಳಿಗೆ ಇಳಿಯುತ್ತಿತ್ತು. ನಾನು ಸೇದುವವನು, ಮಾರುವವನಲ್ಲ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವುದು ಹಳ್ಳಿಯ ಒಬ್ಬ ಹಮಾಲನಿಗೆ ಎಷ್ಟು ಕಷ್ಟ ಎಂಬುದನ್ನು ಯೋಚಿಸಿ. 2001ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಹೊರೆ ಇಳಿಸಿ ತಕ್ಕಡಿಯನ್ನು ಮುಂದೆ ತಂದಿತು. ಗಾಂಜಾ ಒಂದು ಕಿಲೋಗಿಂತ ಕಡಿಮೆ ಇದ್ದರೆ ಸಣ್ಣ ಪ್ರಮಾಣ, ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ, ನಡುವಿನದು ಮಧ್ಯಮ. ಚರಸ್‌ಗೆ ಈ ಗೆರೆಗಳು ನೂರು ಗ್ರಾಂ ಮತ್ತು ಒಂದು ಕಿಲೋ. ಸಣ್ಣ ಪ್ರಮಾಣದ ಗಾಂಜಾಕ್ಕೆ ಆಗ ಇಟ್ಟದ್ದು ಆರು ತಿಂಗಳವರೆಗಿನ ಕಠಿಣ ಸಜೆ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2014ರ ತಿದ್ದುಪಡಿ ಆರು ತಿಂಗಳನ್ನು ಒಂದು ವರ್ಷಕ್ಕೆ ಏರಿಸಿತು, ದಂಡವನ್ನು ಹಾಗೇ ಬಿಟ್ಟಿತು. ಮಧ್ಯಮ ಪ್ರಮಾಣಕ್ಕೆ ಹತ್ತು ವರ್ಷದವರೆಗೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು, ಗರಿಷ್ಠ ಇಪ್ಪತ್ತು ವರ್ಷ. ಜಾಮೀನಿಗೆ ಬಿಗಿ ಷರತ್ತು ಹಾಕುವ 37ನೇ ಕಲಂ ಮುಖ್ಯವಾಗಿ ತಾಗುವುದು ಈ ಕೊನೆಯ ಗುಂಪಿಗೆ. ಸಣ್ಣ ಪ್ರಮಾಣದವರಿಗೆ ಆ ಷರತ್ತು ಇಲ್ಲ. ‘ಜಾಮೀನೇ ಇಲ್ಲ’ ಎಂಬ ಮಾತು ತಪ್ಪು ಎಂದದ್ದು ಇದಕ್ಕೇ.

ಇಲ್ಲೊಂದು ತೊಡಕಿದೆ. ಐದು ಗ್ರಾಂ ಇಟ್ಟುಕೊಂಡವನೂ ಒಂಬೈನೂರು ಗ್ರಾಂ ಇಟ್ಟುಕೊಂಡವನೂ ಒಂದೇ ಕಲಮಿನಡಿ, 20ನೇ ಕಲಮಿನ ಒಂದೇ ಉಪಖಂಡದಡಿ ಬರುತ್ತಾರೆ. ಐದು ಗ್ರಾಂ ಎಂದರೆ ಒಬ್ಬನ ಚಿಲುಮೆಗೆ ಆಗುವಷ್ಟು. ಒಂಬೈನೂರು ಗ್ರಾಂ ಎಂದರೆ ಕಾಲೇಜಿನ ಹೊರಗೆ ಹುಡುಗರಿಗೆ ಮಾರಲು ಕಟ್ಟಿದ ಎಷ್ಟೋ ಪೊಟ್ಟಣ. ಮಾರುವ ಉದ್ದೇಶವಿತ್ತೇ ಇಲ್ಲವೇ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಕನಿಷ್ಠ ಶಿಕ್ಷೆ ಎಂಬುದೂ ಇಲ್ಲ. ಆದ್ದರಿಂದ ನಿಜವಾದ ವಿವೇಚನೆಯೆಲ್ಲ ತಾಲ್ಲೂಕು ಕೋರ್ಟಿನ ಮ್ಯಾಜಿಸ್ಟ್ರೇಟರ ಕೈಯಲ್ಲಿದೆ. ಅವರು ಕೋರ್ಟು ಏಳುವತನಕ ಕೂರಿಸಿ ಸಾವಿರ ರೂಪಾಯಿ ದಂಡ ಹಾಕಬಹುದು, ವರ್ಷ ಪೂರ್ತಿ ಜೈಲಿಗೂ ಕಳಿಸಬಹುದು. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳು ಮಾತ್ರ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತವೆ. ಅದಕ್ಕೇ ಸಣ್ಣ ಪ್ರಮಾಣದ ಕೇಸುಗಳು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ, ಬೇಕಾದರೆ ಸಂಕ್ಷಿಪ್ತ ವಿಚಾರಣೆಯಲ್ಲೇ ತೀರಿಹೋಗುತ್ತವೆ.

ಶಿಕ್ಷೆ ತೂಕದ ಮೇಲೆ ನಿಂತಿರುವಾಗ ತೂಕ ಹಾಕುವ ಗಳಿಗೆಯೇ ಕೇಸಿನ ಜೀವಾಳ. ಹಿಡಿದ ಜಾಗಕ್ಕೆ ಪಂಚರನ್ನು ಕರೆಸುತ್ತಾರೆ. ಹತ್ತಿರದ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ಬರುತ್ತದೆ, ಕೆಲವೊಮ್ಮೆ ಅಂಗಡಿಯವರೇ ಬಂದು ತೂಗುತ್ತಾರೆ. ಪ್ಲಾಸ್ಟಿಕ್ ಚೀಲದ ಸಮೇತ ಎಷ್ಟು, ಚೀಲ ಬಿಟ್ಟು ಎಷ್ಟು ಎಂದು ಎರಡು ಸಲ ತೂಗಿ ಎರಡನ್ನೂ ಪಂಚನಾಮೆಯಲ್ಲಿ ಬರೆಯಬೇಕು. ಬಟ್ಟೆಯಲ್ಲಿ ಹೊಲಿದು ಅರಗು ಕಾಯಿಸಿ ಮುದ್ರೆ ಒತ್ತಿ, ಪಂಚರ ಸಹಿ ಇರುವ ಚೀಟಿ ಅಂಟಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧ, ಜಪ್ತಿಯ ವಿಡಿಯೋ ಚಿತ್ರೀಕರಣವೂ ಆಗಬೇಕು. ಮೈ ತಪಾಸಣೆ ಮಾಡುವುದಾದರೆ, ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಆಗಲಿ ಎಂದು ಕೇಳುವ ಹಕ್ಕು ನಿನಗಿದೆ’ ಎಂದು ಮೊದಲೇ ಹೇಳಬೇಕು. ಇದು 50ನೇ ಕಲಂ. ಹೀಗೆ ತಿಳಿಸುವುದು ಕಡ್ಡಾಯ ಎಂದು 1999ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಕೈಚೀಲದಲ್ಲಿ ಸಿಕ್ಕರೆ ಈ ರಕ್ಷಣೆ ಇಲ್ಲ, ಜೇಬಿನಲ್ಲಿ ಸಿಕ್ಕರೆ ಇದೆ. ಜಪ್ತಿಯಾದ ಮಾಲಿನಿಂದ ನಮೂನೆ ತೆಗೆಯುವುದು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಆಗಬೇಕು ಎಂದು 2016ರ ಇನ್ನೊಂದು ತೀರ್ಪು ಹೇಳಿತು. ಇವನ್ನೆಲ್ಲ ಕಳ್ಳರು ಪಾರಾಗುವ ಕಿಂಡಿಗಳು ಎಂದು ಕೆಲವರು ಬೇಸರಪಡುತ್ತಾರೆ. ಹತ್ತಿಪ್ಪತ್ತು ಗ್ರಾಂ ಹೆಚ್ಚು ಕಡಿಮೆಯಾದರೆ ಒಂದು ವರ್ಷದ ಶಿಕ್ಷೆ ಹತ್ತು ವರ್ಷಕ್ಕೆ ಜಿಗಿಯುವ ಕಾಯ್ದೆಯಲ್ಲಿ ಇಷ್ಟು ಎಚ್ಚರ ಅತಿಯಾಗಲಾರದು.

ಈಗ ಆ ‘ದಂಡಾ ಕಟ್ಟಿದ್ರ ಮುಗೀತು’ ಎಂಬ ಮಾತಿಗೆ ಬರುತ್ತೇನೆ. ಒಂದು ಪ್ರಸಂಗ ಊಹಿಸಿಕೊಳ್ಳಿ. ಗಜೇಂದ್ರಗಡದ ಕಡೆಯ ಹುಡುಗ, ಇಪ್ಪತ್ತೊಂದು ವರ್ಷ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದಾನೆ. ಗೆಳೆಯರೊಂದಿಗೆ ಸಿಕ್ಕಿಬಿದ್ದಾಗ ಅವನ ಜೇಬಿನಲ್ಲಿ ಮೂವತ್ತು ಗ್ರಾಂ. ಠಾಣೆಯಿಂದ ಬಿಡಿಸಿಕೊಂಡು ಬಂದದ್ದಾಯಿತು, ಆರೋಪಪಟ್ಟಿ ಬಂತು, ತಾರೀಖು ಬಿತ್ತು. ತಂದೆ ಕೂಲಿ ಬಿಟ್ಟು ಜೊತೆಗೆ ಬಂದಿದ್ದಾನೆ. ಕೋರ್ಟಿನ ಅಂಗಳದಲ್ಲಿ ಪರಿಚಿತರೊಬ್ಬರು ಹೇಳುತ್ತಾರೆ: ‘ಯಾಕ ಅಲೆದಾಡ್ತಿ ಕಾಕಾ, ಹುಡುಗ ಒಪ್ಕೊಂಡ್ರ ಒಂದೀಟು ದಂಡಾ ಹಾಕ್ತಾರ. ಕಟ್ಟಿ ಮನೀಗ್ ಹೋಗ್ರಿ.’ ತಂದೆಗೆ ನಿರಾಳ. ಹುಡುಗ ಕಟಕಟೆಯಲ್ಲಿ ‘ಒಪ್ಪೀನ್ರಿ’ ಎನ್ನುತ್ತಾನೆ. ದಂಡ ಕಟ್ಟಿ ರಸೀದಿ ಇಸಿದುಕೊಂಡು ಸಂಜೆಯ ಬಸ್ಸಿಗೆ ಊರು ಸೇರುತ್ತಾರೆ.

ಆ ರಸೀದಿ ಟ್ರಾಫಿಕ್ ಪೊಲೀಸರು ಕೊಡುವ ರಸೀದಿಯಂಥದ್ದಲ್ಲ. ದಂಡದ ಮೊತ್ತ ಎಷ್ಟೇ ಇರಲಿ, ಹುಡುಗ ಈಗ ಎನ್‌ಡಿಪಿಎಸ್ ಕಾಯ್ದೆಯಡಿ ಶಿಕ್ಷೆಗೊಳಗಾದ ಅಪರಾಧಿ. ತಪ್ಪೊಪ್ಪಿಕೊಂಡು ಶಿಕ್ಷೆಯಾದರೆ ಮೇಲ್ಮನವಿಯ ದಾರಿಯೂ ಬಹುತೇಕ ಮುಚ್ಚುತ್ತದೆ. ಶಿಕ್ಷೆ ಹೆಚ್ಚಾಯಿತು, ಕಾನೂನಿಗೆ ಒಪ್ಪುವುದಿಲ್ಲ ಎಂದಷ್ಟೇ ಕೇಳಬಹುದು. ‘ನಾನು ಮಾಡಿಲ್ಲ’ ಎಂದು ಮತ್ತೆ ಹೇಳುವಂತಿಲ್ಲ. ನಾಳೆ ಸರ್ಕಾರಿ ಕೆಲಸದ ದೃಢೀಕರಣ ಪತ್ರದಲ್ಲಿ ‘ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ’ ಎಂಬ ಪ್ರಶ್ನೆ ಎದುರಾಗುತ್ತದೆ. ಆಗಿದೆ ಎಂದು ಬರೆದರೆ ನೇಮಕ ಮಾಡುವವರ ವಿವೇಚನೆಗೆ ಬಿಟ್ಟದ್ದು. ಮುಚ್ಚಿಟ್ಟು ಸಿಕ್ಕಿಬಿದ್ದರೆ, ಆ ಮುಚ್ಚಿಟ್ಟ ತಪ್ಪಿಗೇ ಕೆಲಸ ಹೋಗಬಹುದು. ಸುಳ್ಳು ಮಾಹಿತಿ ಕೊಟ್ಟವರ ಕುರಿತು 2016ರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಮಾರ್ಗಸೂತ್ರದಲ್ಲಿ, ಸಣ್ಣಪುಟ್ಟ ಅಪರಾಧವಾದರೆ ಮಾಲೀಕರು ಕ್ಷಮಿಸಬಹುದು ಎಂದಿದೆ. ಕ್ಷಮಿಸಲೇಬೇಕು ಎಂದಿಲ್ಲ. ಎರಡನೇ ಸಲ ಸಿಕ್ಕಿಬಿದ್ದರಂತೂ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟು. ಮೂವತ್ತು ಗ್ರಾಂ ಗಾಂಜಾದ ನಿಜವಾದ ಶಿಕ್ಷೆ ಕೋರ್ಟು ಬರೆಯುವ ದಂಡವಲ್ಲ, ಆಮೇಲೆ ಹತ್ತಾರು ವರ್ಷ ಬೆನ್ನಿಗೆ ಬೀಳುವ ಈ ದಾಖಲೆ.

ಹಾಗಾದರೆ ಬೇರೆ ದಾರಿ ಇತ್ತೇ? ಇತ್ತು. ಹುಡುಗ ವ್ಯಸನಿಯಾಗಿದ್ದರೆ ಅದೇ ಕಾಯ್ದೆಯೊಳಗೆ ಇತ್ತು, ಯಾರೂ ಹೇಳಲಿಲ್ಲ ಅಷ್ಟೆ. 64ಎ ಕಲಂ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿಗೊಳಿಸಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ನಡುವೆ ಬಿಟ್ಟು ಓಡಿದರೆ ಈ ರಕ್ಷಣೆ ಹೋಗುತ್ತದೆ. ತಪ್ಪಿತಸ್ಥ ಎಂದು ತೀರ್ಪಾದ ಮೇಲೂ 39ನೇ ಕಲಂ ಇದೆ. ವಯಸ್ಸು, ನಡತೆ, ಹಿನ್ನೆಲೆ, ದೇಹ ಮನಸ್ಸಿನ ಸ್ಥಿತಿ ನೋಡಿ, ವ್ಯಸನಿಯ ಒಪ್ಪಿಗೆ ಪಡೆದು, ಜೈಲಿಗೆ ಕಳಿಸುವ ಬದಲು ನ್ಯಾಯಾಲಯ ಚಿಕಿತ್ಸೆಗೆ ಕಳಿಸಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಬರಬೇಕು. ವರದಿ ಚೆನ್ನಾಗಿದ್ದರೆ ಎಚ್ಚರಿಕೆ ಹೇಳಿ, ಮೂರು ವರ್ಷ ಮೀರದ ಮುಚ್ಚಳಿಕೆಯ ಮೇಲೆ ಬಿಡಬಹುದು.

ಇಲ್ಲಿ ವಕೀಲರೂ ಮರೆಯಬಹುದಾದ ಒಂದು ಸೂಕ್ಷ್ಮವಿದೆ. ಮೊದಲ ತಪ್ಪು ಮಾಡಿದವರನ್ನು ಬುದ್ಧಿ ಹೇಳಿ ಬಿಡುವ ಪ್ರೊಬೇಷನ್ ಕಾಯ್ದೆ ಎನ್‌ಡಿಪಿಎಸ್ ಅಪರಾಧಿಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. 33ನೇ ಕಲಂ ಅದನ್ನು ತಡೆಯುತ್ತದೆ. ಹದಿನೆಂಟರೊಳಗಿನವರಿಗೂ, 26 ಮತ್ತು 27ನೇ ಕಲಮಿನ ಅಪರಾಧಗಳಿಗೂ ಮಾತ್ರ ವಿನಾಯಿತಿ. 27 ಎಂದರೆ ಸೇವನೆ. ಗಾಂಜಾ ಸೇದಿದ್ದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ. ಹೀಗಾಗಿ, ಪೊಲೀಸರು ಮೂತ್ರ ಪರೀಕ್ಷೆ ಮಾಡಿಸಿ 27ರಡಿ ಕೇಸು ಹಾಕಿದರೆ ಆ ಹುಡುಗನಿಗೆ ಪ್ರೊಬೇಷನ್ ಕೇಳಲು ಬರುತ್ತದೆ. ಸೇದುವ ಮೊದಲೇ ಜೇಬಿನಲ್ಲಿದ್ದಾಗ ಹಿಡಿದು 20ರಡಿ ಹಾಕಿದರೆ ಬರುವುದಿಲ್ಲ. ಸೇದಿದವನಿಗಿಂತ ಸೇದದೆ ಇಟ್ಟುಕೊಂಡವನಿಗೆ ಕಷ್ಟ ಹೆಚ್ಚು. ವ್ಯಸನಿಗೆ 39ನೇ ಕಲಮಾದರೂ ಇದೆ. ಗೆಳೆಯರ ಮಾತಿಗೆ ಒಮ್ಮೆ ಕೈ ಹಾಕಿದ, ವ್ಯಸನವೇ ಇಲ್ಲದ ಹುಡುಗನಿಗೆ ಅದೂ ಇಲ್ಲ. ಕಡಿಮೆ ತಪ್ಪು ಮಾಡಿದವನಿಗೆ ಕಡಿಮೆ ದಾರಿ ಉಳಿಸಿರುವ ಈ ವ್ಯವಸ್ಥೆ ಅನ್ಯಾಯದ್ದು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಚಿಕಿತ್ಸೆಯ ಬಾಗಿಲು ಕಾಗದದಲ್ಲಿ ತೆರೆದಿದ್ದರೂ ಅಲ್ಲಿಗೆ ತಲುಪಬೇಕಲ್ಲ. ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ರೋಣದಿಂದ ಧಾರವಾಡಕ್ಕೆ ಗದಗ, ಹುಬ್ಬಳ್ಳಿ ದಾಟಿ ಹೋಗಬೇಕು. ದಿನಗೂಲಿಯವರಿಗೆ ಇದು ವಾರಕ್ಕೊಮ್ಮೆ ಮಾಡುವ ಪ್ರಯಾಣವಲ್ಲ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ವರ್ಷದ ಅವಧಿಯಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ. ಅವರಲ್ಲಿ ನೆರವು ಬೇಕಾಗುವಷ್ಟು ಸಮಸ್ಯೆ ಇದ್ದವರು ಸುಮಾರು 72 ಲಕ್ಷ. ಗಾಂಜಾದಿಂದ ಏನೂ ಆಗುವುದಿಲ್ಲ ಎಂದು ವಾದಿಸುವವರ ಜೊತೆ ನಾನಿಲ್ಲ. ಹದಿಹರೆಯದಲ್ಲೇ ಅಂಟಿಸಿಕೊಂಡವರಲ್ಲಿ ಮತಿವಿಕಲ್ಪದ ಅಪಾಯ ಹೆಚ್ಚು ಎಂಬುದನ್ನು ವೈದ್ಯಲೋಕ ಒಪ್ಪುತ್ತದೆ. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಆ ಕಲಮನ್ನು ಪೊಲೀಸರು ಧಾರಾಳವಾಗಿ ಬಳಸಲಿ. ಆದರೆ ರೋಗ ಬಂದವನಿಗೆ ಬೇಕಿರುವುದು ವೈದ್ಯರು.

ಇನ್ನು ಹೊಲದ ಮಾತು. 20ನೇ ಕಲಮಿನ ಮೊದಲ ಖಂಡ ಗಿಡ ಬೆಳೆಸುವುದರ ಬಗ್ಗೆ ಇದೆ. ಅಲ್ಲಿ ಸಣ್ಣದು, ಮಧ್ಯಮ, ವಾಣಿಜ್ಯ ಎಂಬ ಮಾತೇ ಇಲ್ಲ. ಒಂದು ಗಿಡವಾದರೂ ಒಂದು ಎಕರೆಯಾದರೂ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಕೇಸು ತಾಲ್ಲೂಕು ಕೋರ್ಟಿನಲ್ಲಿ ನಡೆಯುವುದಿಲ್ಲ, ಜಿಲ್ಲಾ ಕೇಂದ್ರದ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ. ಅದರ ಮೇಲೆ ತೂಕದ ಇನ್ನೊಂದು ತಂಟೆ. ಹಸಿ ಗಿಡವನ್ನು ಬೇರು, ಕಾಂಡ, ಎಲೆ, ಬೇರಿಗಂಟಿದ ಎರೆಮಣ್ಣು ಸಮೇತ ತೂಗಿದರೆ ಕೆಲವೇ ಗಿಡ ಹತ್ತಾರು ಕಿಲೋ ಆಗುತ್ತವೆ. ಗಾಂಜಾ ಎಂದರೆ ಹೂ ಕಾಯಿಯ ತುದಿ ಎಂದು ಕಾಯ್ದೆಯೇ ಹೇಳುವಾಗ ಇಡೀ ಗಿಡದ ತೂಕ ಹಿಡಿದು ‘ಮೂವತ್ತು ಕಿಲೋ ಗಾಂಜಾ’ ಎಂದು ಬರೆಯುವುದು ಹೇಗೆ ಎಂದು ಹಲವು ಹೈಕೋರ್ಟುಗಳು ಜಾಮೀನು ಅರ್ಜಿಗಳಲ್ಲಿ ಕೇಳಿವೆ. ತುದಿಯನ್ನು ಬೇರ್ಪಡಿಸಿ ತೂಗಿಲ್ಲ ಎಂಬ ಕಾರಣಕ್ಕೇ ಜಾಮೀನು ಕೊಟ್ಟಿವೆ.

ಲಾವಣಿ ಹಾಕಿದ ಹೊಲವಾದರೆ ಇನ್ನೊಂದು ಗೋಜಲು. ಉತಾರದಲ್ಲಿ ಹೆಸರು ಒಬ್ಬರದ್ದು, ಬಿತ್ತುವವರು ಮತ್ತೊಬ್ಬರು. ಹೊಲ ತನ್ನದು ಎಂಬ ಒಂದೇ ಕಾರಣಕ್ಕೆ ಮಾಲೀಕ ಅಪರಾಧಿಯಾಗುವುದಿಲ್ಲ. ಅವನಿಗೆ ಗೊತ್ತಿದ್ದೂ ಬಿಟ್ಟಿದ್ದ ಎಂದು ತೋರಬೇಕು. ಬೆಳೆಸಿದ ಎನ್ನಲೂ ಪುರಾವೆ ಬೇಕು. ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು, ಜಮೀನಿನಲ್ಲಿ ಗಾಂಜಾ ಗಿಡ ಸಿಕ್ಕಿತು ಎಂದ ಮಾತ್ರಕ್ಕೆ ಬೆಳೆಸಿದ ಎಂದಾಗುವುದಿಲ್ಲ, ಬೀಜ ಬಿದ್ದ ಕಡೆ ಅದು ತಾನಾಗಿಯೂ ಹುಟ್ಟಬಹುದು ಎಂದು ಹೇಳಿ ಆರೋಪಿಯನ್ನು ಬಿಟ್ಟಿತು. ಆ ತೀರ್ಪಿಗೆ ತಲುಪುವ ಹೊತ್ತಿಗೆ ಒಬ್ಬ ರೈತ ಎಷ್ಟು ತಾರೀಖು ಅಲೆದಿರುತ್ತಾನೆ, ಎಷ್ಟು ಮುಂಗಾರು ಕಳೆದಿರುತ್ತಾನೆ! ಮಹದಾಯಿ ಹೋರಾಟದಲ್ಲಿ ಮೊಕದ್ದಮೆ ಹಾಕಿಸಿಕೊಂಡ ನರಗುಂದ ಸೀಮೆಯ ರೈತರಿಗೆ ಅದರ ಭಾರ ವಿವರಿಸಿ ಹೇಳಬೇಕಿಲ್ಲ.

ಈ ಬಿಗಿ ಬಹಳ ಹಳೆಯದಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ರೋಣ, ನರಗುಂದ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಗಾಂಜಾ ಅಬಕಾರಿ ಸುಂಕದ ಸರಕು. 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಏಳು ಮಂದಿಯ ಆಯೋಗ ದೇಶದುದ್ದಕ್ಕೂ 1,193 ಸಾಕ್ಷಿಗಳನ್ನು ವಿಚಾರಿಸಿ, ಮಿತಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು, ಪೂರ್ತಿ ನಿಷೇಧ ಬೇಡ, ಸುಂಕ ಮತ್ತು ಪರವಾನಗಿಯಿಂದ ಹತೋಟಿಯಲ್ಲಿಡಿ ಎಂದು ಮರುವರ್ಷ ವರದಿ ಕೊಟ್ಟಿತು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವ ಸಂಪ್ರದಾಯದ ಸುದ್ದಿ 2020ರಲ್ಲಿ ದೇಶವೆಲ್ಲ ಓಡಾಡಿತು. 1985ರ ಕಾಯ್ದೆ ಅಂಥ ಭಕ್ತಿಗೂ ವಿನಾಯಿತಿ ಕೊಟ್ಟಿಲ್ಲ. 1961ರ ಅಂತಾರಾಷ್ಟ್ರೀಯ ಒಪ್ಪಂದವೇ ಈ ಕಾಯ್ದೆಯ ಬೇರು. ಅದೇ ಒಪ್ಪಂದದ ಅತಿ ಅಪಾಯಕಾರಿ ಪಟ್ಟಿಯಿಂದ ಗಾಂಜಾವನ್ನು ತೆಗೆಯಲು 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ ಮತ ಹಾಕಿದ 27 ದೇಶಗಳಲ್ಲಿ ಭಾರತವೂ ಒಂದು. ಮರುವರ್ಷ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ, ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ಕೈಬಿಟ್ಟು ಚಿಕಿತ್ಸೆಗೆ ಕಳಿಸಿ ಎಂದು ಶಿಫಾರಸು ಮಾಡಿದ್ದು ವರದಿಯಾಯಿತು. ಪೋರ್ಚುಗಲ್ 2001ರಲ್ಲೇ ಆ ದಾರಿ ಹಿಡಿದಿತ್ತು. ಅಲ್ಲಿ ಹತ್ತು ದಿನದ ಬಳಕೆಯಷ್ಟು ಸಿಕ್ಕರೆ ಪೊಲೀಸರು ಕಳಿಸುವುದು ವೈದ್ಯಕೀಯ, ಸಾಮಾಜಿಕ ಸೇವೆಯವರೂ ಇರುವ ಸಮಿತಿಯ ಮುಂದೆ.

ನಮ್ಮ ಸಂಸತ್ತು ಈ ಬದಲಾವಣೆ ಮಾಡಬೇಕು. ಕೊನೆಪಕ್ಷ ಎರಡು ತಿದ್ದುಪಡಿಗೆ ಯಾವ ದೊಡ್ಡ ಚರ್ಚೆಯೂ ಬೇಕಿಲ್ಲ. ಸಣ್ಣ ಪ್ರಮಾಣದ ಮೊದಲ ತಪ್ಪಿಗೂ ಪ್ರೊಬೇಷನ್ ಸಿಗಲಿ, ಬೆಳೆಸಿದ ಗಿಡಗಳಿಗೂ ಸಣ್ಣ ಪ್ರಮಾಣದ ಗೆರೆಯೊಂದು ಬರಲಿ. ಅದಾಗುವವರೆಗೆ ಇರುವ ಕಾಯ್ದೆಯಲ್ಲೇ ಮಾಡಬಹುದಾದದ್ದು ಬಹಳವಿದೆ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಹಿಡಿದೊಡನೆ ಬಂಧಿಸಬೇಕಿಲ್ಲ, ನೋಟಿಸು ಕೊಟ್ಟು ಕರೆಸಬಹುದು ಎಂಬುದನ್ನು ಠಾಣೆಗಳು ಪಾಲಿಸಲಿ. ತಪ್ಪೊಪ್ಪಿಗೆ ದಾಖಲಿಸುವ ಮೊದಲು ಅದರ ಪರಿಣಾಮವನ್ನು, 64ಎ ಕಲಂ ಇರುವುದನ್ನು ಆರೋಪಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ರೂಢಿ ತಾಲ್ಲೂಕು ಕೋರ್ಟುಗಳಲ್ಲಿ ಬರಲಿ.

ಮಗನೋ ತಮ್ಮನೋ ಇಂಥ ಕೇಸಿನಲ್ಲಿ ಸಿಕ್ಕಿಕೊಂಡಿದ್ದರೆ ಹೆದರಿ ಓಡಾಡಬೇಡಿ, ಅವಸರಕ್ಕೆ ದಂಡ ಕಟ್ಟಲೂ ಹೋಗಬೇಡಿ. ಪಂಚನಾಮೆಯ ನಕಲು ಕೇಳಿ ಪಡೆದು, ತೂಕ ಎಷ್ಟು ಬರೆದಿದ್ದಾರೆ, ಯಾವ ಕಲಂ ಹಾಕಿದ್ದಾರೆ ನೋಡಿ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ, ವಿಚಾರಿಸಿ. ಕಾನೂನು ಸೇವೆಯ ಸಹಾಯವಾಣಿ 15100, ವ್ಯಸನಮುಕ್ತಿಯ ಸಹಾಯವಾಣಿ 14446. ಹುಡುಗ ಕಟಕಟೆ ಹತ್ತುವ ಮೊದಲೇ ಈ ಎರಡು ಕರೆ ಮಾಡಿ.